ಹೆಸರು ಕಾಲಡಿ ಬೇಡ ಎಂದವರು: ಮ್ಯೂನಿಕ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಮ್ಯೂನಿಕ್ ಮತ್ತು ಸುತ್ತಮುತ್ತಲಿನ ಕನ್ನಡ ಬಂಧುಗಳೇ,

ನಮಸ್ಕಾರ.

ಹೋದ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಜರ್ಮನಿಯ ಪೌರತ್ವ ಪರೀಕ್ಷೆಯ ಮಾತು ನಡೆದಿತ್ತು. 310 ಪ್ರಶ್ನೆಗಳ ಪಟ್ಟಿ, ಅದರಲ್ಲಿ 33 ಬರುತ್ತವೆ, 17 ಸರಿಯಾದರೆ ಪಾಸು. ಯಾವ ಆ್ಯಪ್ ಚೆನ್ನಾಗಿದೆ, ಎಷ್ಟು ದಿನ ಓದಿದರೆ ಸಾಕು ಎಂದೆಲ್ಲ ಮಾತಾಡಿಕೊಂಡೆವು. 2024ರಲ್ಲಿ ಹೊಸ ಪೌರತ್ವ ಕಾನೂನು ಬಂದ ಮೇಲೆ ಆ ಪಟ್ಟಿಗೆ ಯಹೂದಿಗಳ ಬದುಕು, ಹೊಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಕೊಲೆ), ಯಹೂದಿ ದ್ವೇಷ ಇವುಗಳ ಬಗ್ಗೆಯೂ ಹೊಸ ಪ್ರಶ್ನೆಗಳು ಸೇರಿವೆ. ಆಗ ಒಬ್ಬರು ಬರೆದರು: "ಅವನ್ನ ಸುಮ್ನೆ ಉರು ಹೊಡೀರಿ, ತಲೆ ಕೆಡಿಸ್ಕೋಬೇಡಿ. ಅದು ಇವರ ಹಳೇ ಕಥೆ, ನಮಗೇನು?" ಹತ್ತು ಹನ್ನೆರಡು ಜನ ಅದಕ್ಕೆ ಹೆಬ್ಬೆರಳು ಒತ್ತಿದರು.

ಬರೆದವರ ಮೇಲೆ ನನಗೆ ಕೋಪವಿಲ್ಲ. ಅವರು ಒಳ್ಳೆಯವರು. ನನ್ನ ಮಗಳಿಗೆ ಜ್ವರ ಬಂದಾಗ ರಾತ್ರಿ ಹನ್ನೊಂದಕ್ಕೆ ಕಾರು ತಂದವರು. ಹನ್ನೊಂದು ವರ್ಷದ ಹಿಂದೆ ಈ ಊರಿಗೆ ಬಂದಾಗ ನಾನೂ ಹೀಗೇ ಅಂದುಕೊಂಡಿದ್ದೆ. ನಾವು ಕೆಲಸಕ್ಕೆ ಬಂದವರು, ಇವರ ಪಾಪ ಪುಣ್ಯ ಇವರಿಗೆ, ಅಂತ. ಆ ಮಾತು ತಪ್ಪು ಎಂದು ನನಗೆ ತಿಳಿಸಿಕೊಟ್ಟದ್ದು ಒಬ್ಬ ಹಿರಿಯ ಹೆಂಗಸಿನ ಬದುಕು. ಅವರನ್ನು ನಾನು ಹತ್ತಿರದಿಂದ ಬಲ್ಲವಳಲ್ಲ. ಅವರ ಮಾತು ಕೇಳಿದ್ದೇನೆ, ಅವರು ಕಟ್ಟಿಸಿದ್ದನ್ನು ನೋಡಿದ್ದೇನೆ. ಗುಂಪಿನಲ್ಲಿ ನಾಲ್ಕು ಸಾಲು ಬರೆದರೆ ಮುಗಿಯುವ ವಿಷಯ ಇದಲ್ಲ. ಅದಕ್ಕೇ ಈ ಪತ್ರ.

ಅವರ ಹೆಸರು ಶಾರ್ಲೊಟ್ಟೆ ಕ್ನೋಬ್ಲೋಖ್. 1932ರ ಅಕ್ಟೋಬರ್ 29ರಂದು ಇದೇ ಮ್ಯೂನಿಕ್‌ನಲ್ಲಿ ಹುಟ್ಟಿದವರು. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಮೂರು ತಿಂಗಳ ಕೂಸು. ತಂದೆ ಫ್ರಿಟ್ಜ್ ನೊಯ್‌ಲಾಂಟ್ ಊರಿನಲ್ಲಿ ಹೆಸರಿದ್ದ ವಕೀಲರು. ತಾಯಿ ಮದುವೆಗಾಗಿ ಯಹೂದಿ ಧರ್ಮಕ್ಕೆ ಬಂದಿದ್ದವರು. ನಾಜಿಗಳ ಕಾಟ ಹೆಚ್ಚಾದಾಗ 1936ರಲ್ಲಿ ಗಂಡನನ್ನೂ ಮಗುವನ್ನೂ ಬಿಟ್ಟು ಹೋದರು. ಆಮೇಲೆ ಆ ಮಗುವಿಗೆ ತಾಯಿಯಾದದ್ದು ಅಪ್ಪನ ತಾಯಿ, ಅಜ್ಜಿ ಅಲ್ಬರ್ಟೀನ.

ಕ್ನೋಬ್ಲೋಖ್ ಅವರು ಮತ್ತೆ ಮತ್ತೆ ಹೇಳುವ ಒಂದು ನೆನಪಿದೆ. ಇನ್ನೂ ಶಾಲೆಗೆ ಸೇರಿರಲಿಲ್ಲ. ದಿನಾ ಆಡುತ್ತಿದ್ದ ನೆರೆಮನೆಯ ಮಕ್ಕಳ ಹತ್ತಿರ ಒಂದು ದಿನ ಹೋದರೆ ಗೇಟು ಹಾಕಿದೆ. ಮಕ್ಕಳೆಲ್ಲ ಒಳಗೆ ಆಡುತ್ತಿದ್ದಾರೆ. ಮನೆ ಉಸ್ತುವಾರಿಯವನ ಹೆಂಡತಿ ಬಂದು, "ನೀನು ಯಹೂದಿ ಮಗು, ನಮ್ಮ ಮಕ್ಕಳು ನಿನ್ನ ಜೊತೆ ಆಡೋ ಹಾಗಿಲ್ಲ" ಎಂದಳು. ಯಹೂದಿ ಅಂದರೆ ಏನು ಅಂತಲೇ ಆ ಮಗುವಿಗೆ ಗೊತ್ತಿರಲಿಲ್ಲ. ಅಳುತ್ತಾ ಮನೆಗೆ ಓಡಿತು. ಅಜ್ಜಿ ಕೂರಿಸಿಕೊಂಡು ಹೇಳಿಕೊಡಬೇಕಾಯಿತು.

ನಾನು ಇದನ್ನು ಮೊದಲ ಸಲ ಕೇಳಿದಾಗ ನನ್ನ ಮಗಳಿಗೆ ಐದು ವರ್ಷ. ನಮ್ಮ ಕಟ್ಟಡದ ಹಿಂದೆ ಹುಲ್ಲಿನ ಅಂಗಳವಿದೆ, ಒಂದು ಜೋಕಾಲಿ ಇದೆ. ಅಲ್ಲಿ ಅವಳು ಟರ್ಕಿಯ ಹುಡುಗಿಯ ಜೊತೆ, ಬವೇರಿಯಾದ ಅವಳಿ ಹುಡುಗರ ಜೊತೆ ಆಡುತ್ತಾಳೆ. ಆ ಸಂಜೆ ಕಿಟಕಿಯಿಂದ ಅವಳನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೆ. ಸ್ಟೌ ಮೇಲಿದ್ದ ಸಾರು ಉಕ್ಕಿದ್ದೂ ಗೊತ್ತಾಗಲಿಲ್ಲ.

1938ರ ಜೂನ್ ತಿಂಗಳಲ್ಲಿ ಈ ಊರಿನ ದೊಡ್ಡ ಸಿನಗಾಗ್ ಅನ್ನು, ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರವನ್ನು, ಹಿಟ್ಲರ್ ಆಜ್ಞೆಯ ಮೇಲೆ ಕೆಡವಿದರು. ಸ್ಟಾಖುಸ್ ಹತ್ತಿರ, ಹೆರ್ಜೋಗ್ ಮಾಕ್ಸ್ ರಸ್ತೆಯಲ್ಲಿ ಅದು ಇತ್ತು. ಖಾಲಿ ಮಾಡಲು ಒಂದು ದಿನವೂ ಸರಿಯಾಗಿ ಕೊಡಲಿಲ್ಲ. ಕೆಡವಿದ ಜಾಗವನ್ನು ಕಾರು ನಿಲ್ಲಿಸುವ ಬಯಲು ಮಾಡಿದರು. ನವೆಂಬರ್ 9ರ ರಾತ್ರಿ ಮಾರಿಯನ್‌ಪ್ಲಾಟ್ಜ್‌ನ ಹಳೆ ಟೌನ್‌ಹಾಲ್‌ನಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಭಾಷಣ ಮಾಡಿದ. ನಾವು ಊರಿಂದ ಬಂದ ಅಪ್ಪ ಅಮ್ಮನನ್ನು ನಿಲ್ಲಿಸಿ ಫೋಟೋ ತೆಗೆಯುತ್ತೇವಲ್ಲ, ಅದೇ ಕಟ್ಟಡ. ಅಲ್ಲಿಂದ ಹೊರಟ ಮಾತು ದೇಶದಲ್ಲೆಲ್ಲ ಬೆಂಕಿಯಾಯಿತು. ಆರು ವರ್ಷದ ಶಾರ್ಲೊಟ್ಟೆ ಅಪ್ಪನ ಕೈ ಹಿಡಿದು ಆ ರಾತ್ರಿ ಬೀದಿಯಲ್ಲಿ ನಡೆದಳು. ಹೆರ್ಜೋಗ್ ರುಡಾಲ್ಫ್ ರಸ್ತೆಯ ಸಿನಗಾಗ್ ಉರಿಯುತ್ತಿರುವುದನ್ನು ಕಂಡಳು. ಮನೆಗೆ ಬಂದು ಹೋಗುತ್ತಿದ್ದ ಹಿರಿಯರೊಬ್ಬರನ್ನು ಹೊಡೆದು ರಕ್ತ ಸುರಿಸಿ ಎಳೆದೊಯ್ಯುವುದನ್ನು ಕಂಡಳು. ಅಪ್ಪ ಕೈ ಬಿಗಿಯಾಗಿ ಹಿಡಿದು ಮುಂದೆ ನಡೆಸಿದರು. ನಿಂತರೆ ಅವರೂ ಸಿಕ್ಕಿಬೀಳುತ್ತಿದ್ದರು.

1942ರ ಬೇಸಿಗೆಯಲ್ಲಿ ಶಿಬಿರಕ್ಕೆ ಸಾಗಿಸಬೇಕಾದವರ ಪಟ್ಟಿ ಬಂತು. ಮಗು ಇಲ್ಲವೇ ಅಜ್ಜಿ, ಒಬ್ಬರು ಹೋಗಲೇಬೇಕು. ಅಜ್ಜಿ ತಾನು ಹೋಗುತ್ತೇನೆ ಎಂದರು. ಮೊಮ್ಮಗಳಿಗೆ ಮಾತ್ರ, "ಆರೋಗ್ಯ ಸುಧಾರಿಸಿಕೊಳ್ಳೋಕೆ ಸ್ವಲ್ಪ ದಿನ ಬೇರೆ ಊರಿಗೆ ಹೋಗಿ ಬರ್ತೀನಿ" ಎಂದು ಹೇಳಿದರು. ಆಗ ಮಗುವಿಗೆ ಒಂಬತ್ತು ವರ್ಷ. ಆ ಸುಳ್ಳು ಅವಳಿಗೆ ಅರ್ಥವಾಗಿತ್ತು ಎಂದು ಕ್ನೋಬ್ಲೋಖ್ ಅವರು ಹೇಳುತ್ತಾರೆ. ಅಲ್ಬರ್ಟೀನ ಅವರನ್ನು ಥೆರೇಸಿಯನ್‌ಸ್ಟಾಟ್ ಎಂಬ ನಾಜಿ ಶಿಬಿರಕ್ಕೆ ಸಾಗಿಸಿದರು. 1944ರಲ್ಲಿ ಅಲ್ಲೇ ಸತ್ತರು.

ಅಪ್ಪ ಮಗಳನ್ನು ಕರೆದುಕೊಂಡು ಮಧ್ಯ ಫ್ರಾಂಕೋನಿಯಾದ ಆರ್ಬೆರ್ಗ್ ಎಂಬ ಹಳ್ಳಿಗೆ ಹೋದರು. ಅಲ್ಲಿ ಕ್ರೆಸೆಂಟಿಯಾ ಹುಮ್ಮೆಲ್ ಎಂಬ ರೈತರ ಮನೆಯ ಹೆಣ್ಣುಮಗಳಿದ್ದಳು. ಎಲ್ಲರೂ ಝೆಂಜಿ ಎಂದು ಕರೆಯುತ್ತಿದ್ದರು. ಹಿಂದೆ ಶಾರ್ಲೊಟ್ಟೆಯ ಚಿಕ್ಕಪ್ಪನ ಮನೆಯಲ್ಲಿ ಕೆಲಸಕ್ಕಿದ್ದವಳು. ಭಕ್ತಿವಂತ ಕ್ಯಾಥೊಲಿಕ್ ಹೆಣ್ಣು, ಮದುವೆಯಾಗಿರಲಿಲ್ಲ. ಈ ಮಗು ಯಾರದು ಎಂದು ಹಳ್ಳಿಯವರು ತಾವೇ ಕಥೆ ಕಟ್ಟಿಕೊಂಡರು: ಝೆಂಜಿ ಪಟ್ಟಣದಲ್ಲಿ ಯಾರಿಗೋ ಬಸಿರಾಗಿ ಹೆತ್ತದ್ದು. ಅವಳು ಅಲ್ಲ ಎನ್ನಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಮದುವೆಯಾಗದ ಹೆಣ್ಣಿಗೆ ಅದು ಎಂಥ ಮಾತು ಎಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಹಿಂದಿನಿಂದ ಆಡಿಕೊಂಡರು, ಎದುರಿಗೇ ಅಂದರು. ಅವಳು ಮೂರು ವರ್ಷ ಆ ಮಾತನ್ನು ತಲೆಯ ಮೇಲೆ ಹೊತ್ತು ತಿರುಗಿದಳು. ಒಂದು ಸಲ ಬಾಯಿ ತೆರೆದಿದ್ದರೆ ಮಾನ ಉಳಿಯುತ್ತಿತ್ತು, ಮಗು ಹೋಗುತ್ತಿತ್ತು. ಹುಡುಗಿ ಲೋಟ್ಟೆ ಹುಮ್ಮೆಲ್ ಆಗಿ ಆ ಹೊಲಮನೆಯಲ್ಲಿ ದನಕರುಗಳ ನಡುವೆ ಬದುಕಿ ಉಳಿದಳು.

ಇಡೀ ಬದುಕಿನಲ್ಲಿ ನನಗೆ ಅತಿ ಹತ್ತಿರವಾದ ಭಾಗ ಇದು. ಒಂದು ಕಡೆ ಗೇಟು ಹಾಕಿದ ಹೆಂಗಸು, ಇನ್ನೊಂದು ಕಡೆ ಬಾಗಿಲು ತೆರೆದ ಹೆಂಗಸು. ಇಬ್ಬರೂ ಸಾಮಾನ್ಯರು. ಇಬ್ಬರಿಗೂ ಯಾವ ಅಧಿಕಾರವೂ ಇರಲಿಲ್ಲ.

ಯುದ್ಧ ಮುಗಿದಾಗ ಅಪ್ಪ ಬದುಕಿದ್ದರು. ಬಲವಂತದ ದುಡಿಮೆಯಲ್ಲಿ ಕಣ್ಣು ಕೆಟ್ಟಿತ್ತು. ಮಗಳನ್ನು ಕರೆದೊಯ್ಯಲು ಬಂದರೆ ಮಗಳಿಗೆ ಮ್ಯೂನಿಕ್‌ಗೆ ಬರುವ ಮನಸ್ಸೇ ಇರಲಿಲ್ಲ. ನಮ್ಮ ಮೇಲೆ ಉಗಿದವರೇ ಅಲ್ಲಿ ಇರುತ್ತಾರೆ, ಅವರ ಮುಖ ಹೇಗೆ ನೋಡಲಿ ಎನ್ನುವುದು ಅವಳ ಪ್ರಶ್ನೆ. ಅಪ್ಪ ಮತ್ತೆ ವಕೀಲಿಕೆ ಶುರು ಮಾಡಿದರು, ಅಳಿದುಳಿದ ಯಹೂದಿಗಳ ಸಮುದಾಯವನ್ನು ಕಟ್ಟಲು ನಿಂತರು. 1951ರಲ್ಲಿ ಶಾರ್ಲೊಟ್ಟೆ ಸಾಮುಯೆಲ್ ಕ್ನೋಬ್ಲೋಖ್ ಅವರನ್ನು ಮದುವೆಯಾದರು. ಅವರು ಪೋಲೆಂಡಿನ ಕ್ರಾಕೋವ್ ಘೆಟ್ಟೋದಿಂದ, ಎಂದರೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಿಂದ, ಬದುಕಿ ಬಂದವರು. ಇಬ್ಬರೂ ಅಮೆರಿಕಕ್ಕೆ ಹೊರಡುವ ತಯಾರಿಯಲ್ಲಿದ್ದರು. ಅಷ್ಟರಲ್ಲಿ ಮಗು ಹುಟ್ಟಿತು, ಇನ್ನೊಂದು ಹುಟ್ಟಿತು, ಮತ್ತೊಂದು ಹುಟ್ಟಿತು. ಹೊರಡುವ ದಿನ ಮುಂದೆ ಹೋಗುತ್ತಲೇ ಇತ್ತು. ಈಗ ಕಾನ್ ಚಿತ್ರೋತ್ಸವದ ಅಧ್ಯಕ್ಷೆ ಇರಿಸ್ ಕ್ನೋಬ್ಲೋಖ್ ಇದ್ದಾರಲ್ಲ, ಅವರು ಇವರ ಮಗಳು.

ಆ ಕಾಲದ ಜರ್ಮನಿಯ ಯಹೂದಿಗಳು ತಮ್ಮ ಬಗ್ಗೆ ಒಂದು ಮಾತು ಹೇಳಿಕೊಳ್ಳುತ್ತಿದ್ದರು: ನಾವು ಕಟ್ಟಿಟ್ಟ ಸೂಟ್‌ಕೇಸ್ ಮೇಲೆ ಕೂತಿದ್ದೇವೆ, ಅಂತ. ಯಾವಾಗ ಬೇಕಾದರೂ ಎದ್ದು ಹೊರಡಬೇಕಾಗಬಹುದು ಎನ್ನುವ ಭಯ. ವೀಸಾ ಮುಗಿಯುವ ತಿಂಗಳಲ್ಲಿ, ಕೆಲಸ ಹೋದ ವಾರದಲ್ಲಿ ನಮಗೂ ಸ್ವಲ್ಪ ಹಾಗೇ ಅನಿಸುತ್ತದೆ, ಅಲ್ವಾ? ಆದರೆ ನಮಗೆ ವಾಪಸ್ ಹೋಗಲು ಒಂದು ಊರಿದೆ. ಅವರಿಗೆ ಇದೇ ಊರು.

ಆ ಭಯ ಸುಮ್ಮನೆ ಬಂದದ್ದಲ್ಲ. 1970ರ ಫೆಬ್ರುವರಿ 13ರಂದು ರೈಖೆನ್‌ಬಾಖ್ ರಸ್ತೆಯಲ್ಲಿದ್ದ ಸಮುದಾಯದ ಕಟ್ಟಡಕ್ಕೆ ಯಾರೋ ಬೆಂಕಿ ಹಚ್ಚಿದರು. ಅಲ್ಲಿ ವೃದ್ಧಾಶ್ರಮವಿತ್ತು. ಏಳು ಜನ ಸತ್ತರು. ನಾಜಿ ಶಿಬಿರಗಳಿಂದ ಬದುಕಿ ಬಂದವರೂ ಅವರಲ್ಲಿದ್ದರು. ಹಚ್ಚಿದವರು ಯಾರೆಂದು ನ್ಯಾಯಾಲಯದಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ಎರಡು ವರ್ಷದ ನಂತರ ಇದೇ ಊರಿನ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ ಹನ್ನೊಂದು ಜನರ ಕೊಲೆ. ಗ್ಲೋಕನ್‌ಬಾಖ್ ಕಡೆ ಕಾಫಿ ಕುಡಿಯಲು ಹೋಗುವವರು ರೈಖೆನ್‌ಬಾಖ್ ರಸ್ತೆಯಲ್ಲಿ ಆ ಮನೆಯ ಮುಂದೆಯೇ ಹಾದಿರುತ್ತೀರಿ.

1985ರಲ್ಲಿ ಕ್ನೋಬ್ಲೋಖ್ ಅವರು ಮ್ಯೂನಿಕ್ ಮತ್ತು ಮೇಲ್ ಬವೇರಿಯಾದ ಯಹೂದಿ ಸಮುದಾಯದ ಅಧ್ಯಕ್ಷರಾದರು. ಜರ್ಮನಿಯಲ್ಲಿ ಅಷ್ಟು ದೊಡ್ಡ ಸಮುದಾಯಕ್ಕೆ ಹೆಣ್ಣೊಬ್ಬಳು ತಲೆಯಾಳಾದದ್ದು ಅದೇ ಮೊದಲು. ತೊಂಬತ್ತು ದಾಟಿದ ಮೇಲೂ ಆ ಕೆಲಸ ಬಿಡಲಿಲ್ಲ. 2006ರಿಂದ 2010ರವರೆಗೆ ಇಡೀ ದೇಶದ ಯಹೂದಿಗಳ ಕೇಂದ್ರ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಪದವಿಗಳ ಪಟ್ಟಿ ಉದ್ದವಿದೆ, ಅದು ಇಲ್ಲಿ ಬೇಡ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿಂದ ಸಾವಿರಾರು ಯಹೂದಿಗಳು ಈ ಊರಿಗೆ ಬಂದರು. ಕೈಯಲ್ಲಿ ಡಿಗ್ರಿ, ಬಾಯಲ್ಲಿ ರಷ್ಯನ್, ಜರ್ಮನ್ ಒಂದು ಅಕ್ಷರ ಬಾರದು. ನಮ್ಮ ಬಿ1 ಜರ್ಮನ್ ಭಾಷಾ ಕ್ಲಾಸಿನ ಕಷ್ಟ ಅವರೂ ಪಟ್ಟವರೇ. 1933ರಲ್ಲಿ ಇಲ್ಲಿ ಸುಮಾರು 9,000 ಯಹೂದಿಗಳಿದ್ದರು, ಯುದ್ಧ ಮುಗಿದಾಗ ಬೆರಳೆಣಿಕೆಯಷ್ಟು ಜನ. ಈಗ ಸಮುದಾಯ ಮತ್ತೆ ಹೆಚ್ಚುಕಡಿಮೆ ಹಿಂದಿನಷ್ಟೇ ಆಗಿದೆ. ಹೊಸಬರನ್ನು ತಮ್ಮವರು ಎಂದು ಸೇರಿಸಿಕೊಳ್ಳದಿದ್ದರೆ ಇದು ಆಗುತ್ತಿರಲಿಲ್ಲ.

ಅವರು ಹಠ ಹಿಡಿದದ್ದು ಒಂದು ವಿಷಯಕ್ಕೆ. ಯಹೂದಿಗಳು ಈ ಊರಿನಲ್ಲಿ ಹಿತ್ತಲಲ್ಲಿ ಬದುಕಬಾರದು. ರೈಖೆನ್‌ಬಾಖ್ ರಸ್ತೆಯ ಸಿನಗಾಗ್ ಇದ್ದದ್ದು ಹಿಂಭಾಗದ ಅಂಗಳದಲ್ಲಿ, ಬೀದಿಯಿಂದ ಕಾಣುತ್ತಿರಲಿಲ್ಲ. ಊರಿನ ನಡುಮಧ್ಯೆ, ಎಲ್ಲರಿಗೂ ಕಾಣುವಂತೆ ಹೊಸದು ಬೇಕು ಎಂದರು. ವರ್ಷಗಟ್ಟಲೆ ಓಡಾಡಿದರು. 2003ರ ನವೆಂಬರ್ 9ರಂದು ಯಾಕೋಬ್ಸ್‌ಪ್ಲಾಟ್ಜ್ ಎಂಬ ಚೌಕದಲ್ಲಿ ಅಡಿಗಲ್ಲು. ಆ ಸಮಾರಂಭಕ್ಕೆ ಬಾಂಬ್ ಇಡಲು ನವನಾಜಿಗಳ ಗುಂಪೊಂದು ಸಂಚು ಹೂಡಿತ್ತು. ಪೊಲೀಸರು ಮುಂಚೆಯೇ ಹಿಡಿದರು. ಅಡಿಗಲ್ಲು ಹೇಳಿದ ದಿನವೇ ಬಿತ್ತು. 2006ರ ನವೆಂಬರ್ 9ರಂದು ಬಾಗಿಲು ತೆರೆಯಿತು. ಹಳೆ ಸಿನಗಾಗ್‌ನಿಂದ ತೋರಾ ಎಂಬ ಧರ್ಮಗ್ರಂಥದ ಸುರುಳಿಗಳನ್ನು ಎದೆಗಪ್ಪಿಕೊಂಡು ಮೆರವಣಿಗೆಯಲ್ಲಿ ತಂದರು. ಈ ಹೊಸ ಸಿನಗಾಗ್‌ನಿಂದಾಗಿಯೇ ನಾನು ನನ್ನ ಸೂಟ್‌ಕೇಸ್ ಬಿಚ್ಚಿಟ್ಟೆ ಎಂದು ಅವರು ಹೇಳಿದರು.

ನೀವು ವಿಕ್ಟುವಾಲಿಯನ್ ಮಾರುಕಟ್ಟೆಗೆ ಹೋದವರು ಎರಡು ಹೆಜ್ಜೆ ಆಚೆ ಹೋದರೆ ಆ ಚೌಕ ಸಿಗುತ್ತದೆ. ಕೆಳಗೆ ಒರಟು ಕಲ್ಲಿನ ಗೋಡೆ, ಜೆರುಸಲೇಮಿನ ಹಳೆ ಗೋಡೆಯ ನೆನಪಿಗೆ. ಮೇಲೆ ಕಂಚಿನ ಬಲೆ ಹೊದ್ದ ಗಾಜಿನ ಪೆಟ್ಟಿಗೆ, ಮರುಭೂಮಿಯ ಡೇರೆಯ ನೆನಪಿಗೆ. ಹೆಸರೂ ಅದೇ, ಓಹೆಲ್ ಯಾಕೋಬ್, ಯಾಕೋಬನ ಡೇರೆ. ಸಂಜೆ ಒಳಗೆ ದೀಪ ಹಚ್ಚಿದಾಗ ಮೇಲಿನ ಗಾಜು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಿ ಚೌಕದ ನೀರಿನಲ್ಲಿ ಮಕ್ಕಳು ಬಟ್ಟೆ ಒದ್ದೆ ಮಾಡಿಕೊಂಡು ಕುಣಿಯುತ್ತವೆ. ಪಕ್ಕದಲ್ಲೇ ಪೊಲೀಸರು ನಿಂತಿರುತ್ತಾರೆ. ಒಳಗೆ ಶಾಲೆಯಿದೆ, ಶಿಶುವಿಹಾರವಿದೆ. ಮಳೆಯಿರಲಿ ಹಿಮವಿರಲಿ, ಕಾವಲು ತಪ್ಪುವುದಿಲ್ಲ. ನನ್ನ ಮಗಳು ಒಮ್ಮೆ ಕೇಳಿದಳು, "ಅಮ್ಮ, ಈ ಸ್ಕೂಲಲ್ಲಿ ಯಾರಾದ್ರೂ ಮಂತ್ರಿ ಮಕ್ಕಳು ಓದ್ತಾರಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಈಗ ಶೀರ್ಷಿಕೆಯ ಮಾತಿಗೆ ಬರುತ್ತೇನೆ. ಬರ್ಲಿನ್, ಹ್ಯಾಂಬರ್ಗ್ ನೋಡಿದವರಿಗೆ ಅಲ್ಲಿನ ಹಿತ್ತಾಳೆ ಕಲ್ಲುಗಳು ಗೊತ್ತು. ಹತ್ತು ಸೆಂಟಿಮೀಟರ್ ಚೌಕ, ಫುಟ್‌ಪಾತಿನಲ್ಲಿ ಹುಗಿದಿರುತ್ತಾರೆ. ಈ ಮನೆಯಲ್ಲಿ ಇಂಥವರಿದ್ದರು, ಇಂಥ ವರ್ಷ ಸಾಗಿಸಿದರು, ಇಂಥ ಕಡೆ ಕೊಂದರು ಎಂದು ಬರೆದಿರುತ್ತದೆ. ಸ್ಟೋಲ್ಪರ್‌ಸ್ಟೈನ್, ಎಂದರೆ ಎಡವುಗಲ್ಲು. ಯುರೋಪಿನಲ್ಲಿ ಒಂದು ಲಕ್ಷ ದಾಟಿವೆ. ಮ್ಯೂನಿಕ್ ಬೀದಿಯಲ್ಲಿ ಮಾತ್ರ ಅವನ್ನು ಹಾಕುವ ಹಾಗಿಲ್ಲ. ನಗರಸಭೆ 2004ರಲ್ಲಿ ಬೇಡ ಎಂದಿತು, 2015ರಲ್ಲಿ ಮತ್ತೆ ಬೇಡ ಎಂದಿತು. ಅದಕ್ಕೆ ಮುಖ್ಯ ಕಾರಣ ಕ್ನೋಬ್ಲೋಖ್ ಅವರ ವಿರೋಧ. ಬೂಟುಗಾಲಲ್ಲಿ ತುಳಿದು ಕೊಂದ ಜನರ ಹೆಸರನ್ನು ಮತ್ತೆ ಕಾಲಡಿಗೆ ಹಾಕಬೇಡಿ, ಅದರ ಮೇಲೆ ಕೊಳೆ ಬೀಳುತ್ತದೆ, ನಾಯಿ ಹೇಸಿಗೆ ಬೀಳುತ್ತದೆ ಎನ್ನುವುದು ಅವರ ವಾದ.

ಎಷ್ಟೋ ಜನ ಅವರ ಮೇಲೆ ಸಿಟ್ಟಾದರು. ಸತ್ತವರ ಮಕ್ಕಳು ಮೊಮ್ಮಕ್ಕಳಲ್ಲೇ ಕೆಲವರು, ನಮ್ಮ ತಾತನ ಕಲ್ಲು ನಮಗೆ ಬೇಕು ಎಂದರು. ಅವರ ನೋವೂ ನಿಜ. ಆ ಹೆಸರು ಓದಲು ಬಗ್ಗಬೇಕು, ಬಗ್ಗುವುದೂ ನಮಸ್ಕಾರವೇ ಎನ್ನುವ ಮಾತಿನಲ್ಲೂ ಅರ್ಥವಿದೆ. ಬರ್ಲಿನ್‌ನಲ್ಲಿ ನಾನೂ ಬಗ್ಗಿ ಓದಿದ್ದೇನೆ. ಆದರೆ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ನಾನು ಬೆಳೆದವಳು. ಅಕ್ಷರದ ಮೇಲೆ ಕಾಲಿಡಬಾರದು ಎಂದು ಯಾರೂ ನನಗೆ ಕಲಿಸಲೇ ಬೇಕಾಗಿರಲಿಲ್ಲ. ನನ್ನ ಮನಸ್ಸು ಕ್ನೋಬ್ಲೋಖ್ ಅವರ ಕಡೆಗೇ ವಾಲುತ್ತದೆ. ಈ ಊರಿನ ಜರ್ಮನ್ ಗೆಳತಿಯರಿಗಿಂತ ಈ ಒಂದು ವಿಷಯ ನಮಗೆ ಬೇಗ ಅರ್ಥವಾಗುತ್ತದೆ ಎಂದು ನನಗೆ ಅನಿಸುತ್ತದೆ.

ಅವರು ಬರೀ ಬೇಡ ಎಂದು ಕೂರಲಿಲ್ಲ. ಯಾಕೋಬ್ಸ್‌ಪ್ಲಾಟ್ಜ್‌ನ ಸಿನಗಾಗ್‌ಗೆ ಹೋಗುವ ದಾರಿ ನೆಲದಡಿಯ ಒಂದು ಓಣಿ. ಅದರ ಗೋಡೆಗೆ ಗಾಜಿನ ಹಾಳೆಗಳು, ಹಿಂದಿನಿಂದ ಬೆಳಕು. ಅದರ ಮೇಲೆ ಮ್ಯೂನಿಕ್‌ನಿಂದ ಸಾಗಿಸಿ ಕೊಂದ 4,500ಕ್ಕೂ ಹೆಚ್ಚು ಯಹೂದಿಗಳ ಹೆಸರುಗಳಿವೆ. ಕಣ್ಣೆತ್ತರದಲ್ಲಿ, ನಿಂತು ಓದುವ ಹಾಗೆ. ಪ್ರಾರ್ಥನೆಗೆ ಹೋಗುವವರು ಆ ಹೆಸರುಗಳ ನಡುವೆಯೇ ನಡೆದುಹೋಗುತ್ತಾರೆ. ಗೈಡ್ ಜೊತೆ ಹೋಗಿ ನೋಡಲು ಅವಕಾಶವಿದೆ, ಹೋಗಿ. 2018ರಿಂದ ನಗರಸಭೆಯೂ ಸತ್ತವರು ಬದುಕಿದ್ದ ಮನೆಗಳ ಗೋಡೆಗೆ ಫಲಕ ಹಾಕುತ್ತಿದೆ. ಗೋಡೆ ಸಿಗದ ಕಡೆ ಕಂಬ ನಿಲ್ಲಿಸುತ್ತಿದೆ. ಬಂಗಾರದ ಬಣ್ಣದ ಲೋಹ, ಸಾಧ್ಯವಾದ ಕಡೆ ಫೋಟೋ ಕೂಡ. ನಿಮ್ಮ ಬೀದಿಯಲ್ಲೂ ಒಂದು ಇರಬಹುದು, ನೋಡಿ.

2023ರ ಬೇಸಿಗೆಯಲ್ಲಿ ನಡೆದದ್ದು ನಿಮಗೆ ನೆನಪಿದೆಯಾ? ಇಸಾರ್ ನದಿಯ ಗ್ರೋಸ್‌ಹೆಸ್ಸೆಲೋಹೆ ಒಡ್ಡಿನ ಹತ್ತಿರ ರಿಪೇರಿ ಕೆಲಸ ಮಾಡುವಾಗ ಕೆತ್ತಿದ ಕಲ್ಲುಗಳು ಸಿಕ್ಕವು. ನೋಡಿದರೆ 1938ರಲ್ಲಿ ಕೆಡವಿದ ಆ ದೊಡ್ಡ ಸಿನಗಾಗ್‌ನ ಕಲ್ಲುಗಳು! ಹತ್ತು ಕಟ್ಟಳೆಗಳನ್ನು ಕೆತ್ತಿದ ಹಲಗೆಯ ತುಂಡೂ ಇತ್ತು. 1956ರಲ್ಲಿ ಒಡ್ಡು ಗಟ್ಟಿ ಮಾಡಲು ಆ ಅವಶೇಷವನ್ನು ನೀರಿಗೆ ಸುರಿದಿದ್ದರು. 1956, ಎಂದರೆ ಯುದ್ಧ ಮುಗಿದು ಹನ್ನೊಂದು ವರ್ಷ ಆದ ಮೇಲೆ. ಯಾರಿಗೂ ಏನೂ ಅನಿಸಲಿಲ್ಲ. ನಾವು ಅದೇ ನದಿಯ ದಂಡೆಯಲ್ಲಿ ಚಾಪೆ ಹಾಸಿ ಚಿತ್ರಾನ್ನ ತಿಂದಿದ್ದೇವೆ, ನೀರಿಗೆ ಕಾಲು ಇಳಿಬಿಟ್ಟು ಹಾಡು ಹೇಳಿದ್ದೇವೆ. ಆ ಸಿನಗಾಗ್ ನಿಂತಿದ್ದಾಗ ಚಿಕ್ಕ ಹುಡುಗಿಯಾಗಿ ಕಂಡಿದ್ದ ಕ್ನೋಬ್ಲೋಖ್ ಅವರಿಗೆ ಆಗ ತೊಂಬತ್ತು ವರ್ಷ. ಆ ಸುದ್ದಿ ಓದಿದ ದಿನ, ಅವರು ಹೆಸರುಗಳ ವಿಷಯಕ್ಕೆ ಯಾಕೆ ಅಷ್ಟು ಹಠ ಮಾಡಿದರು ಎನ್ನುವುದು ನನಗೆ ಪೂರ್ತಿ ಅರ್ಥವಾಯಿತು.

ಅವರ ಧೈರ್ಯದ ಬಗ್ಗೆ ಎರಡು ಪ್ರಸಂಗ ಹೇಳಬೇಕು. 2019ರ ಜನವರಿಯಲ್ಲಿ ಬವೇರಿಯಾ ಶಾಸನಸಭೆಯಲ್ಲಿ ಸ್ಮರಣೆಯ ಸಭೆ. 86 ವರ್ಷದ ಅವರು ಎದ್ದುನಿಂತು, ನಾಜಿಗಳ ಅಪರಾಧವನ್ನು ಹಗುರ ಮಾಡುವ ಪಕ್ಷ ಇದೇ ಸಭೆಯಲ್ಲಿ ಕೂತಿದೆ ಎಂದು ತೀವ್ರ ಬಲಪಂಥದ ಎಎಫ್‌ಡಿ ಪಕ್ಷವನ್ನು ಹೆಸರು ಹಿಡಿದು ಹೇಳಿದರು. ಆ ಪಕ್ಷದ ಬಹುಪಾಲು ಸದಸ್ಯರು ಎದ್ದು ಹೊರಟುಹೋದರು. ಆಮೇಲೆ ಅವರಿಗೆ ಬೈಗುಳ, ಬೆದರಿಕೆಗಳು ನಿಮಿಷಕ್ಕೊಂದರಂತೆ ಬಂದವು. ಎರಡು ವರ್ಷದ ನಂತರ, 2021ರ ಜನವರಿ 27ರಂದು, ಬರ್ಲಿನ್ ಸಂಸತ್ತಿನಲ್ಲಿ "ಹೆಮ್ಮೆಯ ಜರ್ಮನ್ ಆಗಿ ನಿಮ್ಮ ಮುಂದೆ ನಿಂತಿದ್ದೇನೆ" ಎಂದರು. ಅದೇ ಪಕ್ಷದವರ ಕಡೆ ತಿರುಗಿ, ನೀವು ನಿಮ್ಮ ಹೋರಾಟವನ್ನು 76 ವರ್ಷದ ಹಿಂದೆಯೇ ಸೋತಿದ್ದೀರಿ ಎಂದರು. ನಾನು ಅಡುಗೆಮನೆಯಲ್ಲಿ ಫೋನಿನಲ್ಲಿ ನೋಡುತ್ತಿದ್ದೆ. ಚಪಾತಿ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ.

ಗೇಟು ಹಾಕಿಸಿಕೊಂಡ ಆ ಮಗು ಇದೇ ದೇಶ ನನ್ನದು ಎನ್ನುತ್ತದೆ. ಪಾಸ್‌ಪೋರ್ಟಿಗಾಗಿ ಪ್ರಶ್ನೆ ಉರು ಹೊಡೆಯುತ್ತಿರುವ ನಾವು ಆ ಮಾತನ್ನು ಒಮ್ಮೆ ಯೋಚಿಸಬೇಕು.

ಕೆಲವರು ಗಾಜಾ ವಿಷಯ ಎತ್ತುತ್ತೀರಿ ಎಂದು ಗೊತ್ತು. ಎತ್ತಬೇಕಾದದ್ದೇ. ಅಲ್ಲಿನ ಮಕ್ಕಳನ್ನು ನೋಡಿ ನನಗೂ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ಇಸ್ರೇಲ್ ಸರ್ಕಾರ ಮಾಡಿದ್ದನ್ನೆಲ್ಲ ಯಾರೂ ಒಪ್ಪಬೇಕಾಗಿಲ್ಲ. ಕ್ನೋಬ್ಲೋಖ್ ಅವರು ಇಸ್ರೇಲ್ ಪರವಾಗಿ ಗಟ್ಟಿಯಾಗಿ ಮಾತಾಡುವವರು. ಅವರ ಎಲ್ಲ ಮಾತಿಗೂ ನನ್ನ ಒಪ್ಪಿಗೆ ಇದೆ ಎಂದು ಹೇಳಲಾರೆ. ಆದರೆ ಯಾಕೋಬ್ಸ್‌ಪ್ಲಾಟ್ಜ್‌ನ ಶಿಶುವಿಹಾರಕ್ಕೆ ಬರುವ ನಾಲ್ಕು ವರ್ಷದ ಮಗು ಯಾವ ಸರ್ಕಾರವೂ ಅಲ್ಲ. ಆ ಮಗುವಿನ ತಾಯಿ ಟ್ರಾಮಿನಲ್ಲಿ ಕತ್ತಿನ ಸರದಲ್ಲಿರುವ, ಯಹೂದಿ ಗುರುತಿನ ನಕ್ಷತ್ರವನ್ನು ಸ್ವೆಟರ್ ಒಳಗೆ ತಳ್ಳಿಕೊಳ್ಳಬೇಕಾಗಿ ಬಂದರೆ ಅದಕ್ಕೆ ಗಾಜಾ ಉತ್ತರವಲ್ಲ.

ನಮ್ಮದೂ ಒಂದು ವಿಷಯ ಹೇಳಬೇಕು. ಕನ್ನಡದಲ್ಲಿ ನಾವು ಸ್ಟ್ರಿಕ್ಟ್ ಇರುವವರನ್ನೆಲ್ಲ ಹಿಟ್ಲರ್ ಎನ್ನುತ್ತೇವೆ. "ನಮ್ಮಪ್ಪ ದೊಡ್ಡ ಹಿಟ್ಲರ್", "ಹೆಡ್‌ಮಾಸ್ಟರ್ ಹಿಟ್ಲರ್ ಇದ್ದಂಗೆ". ನಮ್ಮ ಊರಿನ ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲಿ ಇರುತ್ತದೆ. ಇಲ್ಲಿಗೆ ಬಂದ ಮೊದಲ ವರ್ಷ ಊಟದ ಟೇಬಲ್ಲಿನಲ್ಲಿ ನಾನೂ ನನ್ನ ಹಳೆ ಮೇಷ್ಟ್ರ ಬಗ್ಗೆ ಹಾಗೆ ಹೇಳಿದೆ. ಎದುರಿಗೆ ಕೂತಿದ್ದ ಸಹೋದ್ಯೋಗಿ ಫೋರ್ಕ್ ಕೆಳಗಿಟ್ಟಳು. ಏನೂ ಅನ್ನಲಿಲ್ಲ. ತಿಂಗಳುಗಳಾದ ಮೇಲೆ, ನನ್ನ ಅಜ್ಜಿಯ ಅಕ್ಕತಂಗಿಯರು ಯಾರೂ ವಾಪಸ್ ಬರಲಿಲ್ಲ ಎಂದು ತಾನಾಗಿಯೇ ಹೇಳಿದಳು. ನಮ್ಮಲ್ಲಿ ಆ ಮಾತಿನಲ್ಲಿ ದ್ವೇಷ ಇಲ್ಲ, ತಿಳಿವಳಿಕೆ ಇಲ್ಲ ಅಷ್ಟೇ. ಆದರೆ ಇಷ್ಟು ವರ್ಷ ಇದ್ದ ಮೇಲೂ ತಿಳಿದಿಲ್ಲ ಎಂದರೆ ಆಗುವುದಿಲ್ಲ.

ಬೆಂಗಳೂರಿಗೂ ಈ ಕಥೆಯ ಒಂದು ತುಣುಕು ತಾಗಿದೆ. ಯಹೂದಿ ಎಂಬ ಕಾರಣಕ್ಕೆ ಗೋಟಿಂಗನ್‌ನಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿಕೊಂಡರು. ಅಲ್ಲೇ ಉಳಿಸಿಕೊಳ್ಳಬೇಕೆಂದು ಒದ್ದಾಡಿದರು. ಸ್ವಂತ ದೇಶದಿಂದ ಓಡಿಸಲ್ಪಟ್ಟ ವಿದೇಶಿ ನಮಗೆ ಬೇಡ ಎನ್ನುವ ಅರ್ಥದ ಮಾತನ್ನು ಒಬ್ಬ ಇಂಗ್ಲಿಷ್ ಪ್ರೊಫೆಸರ್ ಸಭೆಯಲ್ಲಿ, ಬಾರ್ನ್ ಎದುರಿಗೇ ಆಡಿದರು. ಕೆಲಸ ಸಿಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು, ಮುಂದೆ ನೊಬೆಲ್ ಬಂತು. ಗೇಟು ಎಲ್ಲ ಊರಿನಲ್ಲೂ ಇರುತ್ತದೆ.

"ನಮಗೇನು?" ಎಂದ ಗೆಳೆಯರಿಗೆ ಇನ್ನೊಂದು ಮಾತು. 2016ರ ಜುಲೈ 22ರಂದು ಇದೇ ಊರಿನ ಒಲಿಂಪಿಯಾ ಶಾಪಿಂಗ್ ಸೆಂಟರ್ ಹತ್ತಿರ ಒಬ್ಬ ಹುಡುಗ ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಸತ್ತವರು ಹೆಚ್ಚಿನವರು ವಲಸೆ ಬಂದ ಕುಟುಂಬಗಳ ಮಕ್ಕಳು. ಬಲಪಂಥೀಯ ದ್ವೇಷವೇ ಅದಕ್ಕೆ ಕಾರಣ ಎಂದು ಅಧಿಕಾರಿಗಳು ಒಪ್ಪಿಕೊಳ್ಳಲು ಮೂರು ವರ್ಷ ಬೇಕಾಯಿತು. ಅಲ್ಲಿಯೇ ನಾವು ಮಕ್ಕಳಿಗೆ ಶಾಲೆಯ ಬೂಟು ಕೊಳ್ಳುವುದು. ಯಹೂದಿಯನ್ನು ದ್ವೇಷಿಸುವವನು ನಮ್ಮನ್ನು ಕಂಡರೆ ಹೂಮಾಲೆ ಹಾಕುವುದಿಲ್ಲ.

ಇನ್ನು ಕ್ನೋರ್ ರಸ್ತೆ. ನಮ್ಮಲ್ಲಿ ಎಷ್ಟು ಜನ ಬಿಎಂಡಬ್ಲ್ಯು ಕೆಲಸಕ್ಕೆ ದಿನಾ ಆ ರಸ್ತೆಯಲ್ಲಿ ಹೋಗುತ್ತೀರಿ! ಅದೇ ಮಿಲ್ಬರ್ಟ್ಸ್‌ಹೋಫನ್‌ನಲ್ಲಿ, ಅದೇ ಕ್ನೋರ್ ರಸ್ತೆಯಲ್ಲಿ, 1941ರಲ್ಲಿ ಮರದ ಶೆಡ್ಡುಗಳ ಶಿಬಿರವಿತ್ತು. ಊರಿನ ಯಹೂದಿಗಳನ್ನು ಮನೆ ಬಿಡಿಸಿ ಅಲ್ಲಿ ತುಂಬಿದ್ದರು. 1941ರ ನವೆಂಬರ್ 20ರಂದು ಅಲ್ಲಿಂದ ಸುಮಾರು ಸಾವಿರ ಜನರನ್ನು ರೈಲಿಗೆ ಹತ್ತಿಸಿದರು. ಮಕ್ಕಳಿದ್ದರು, ಮುದುಕರಿದ್ದರು. ಐದು ದಿನದ ನಂತರ ಲಿಥುವೇನಿಯಾದ ಕೌನಸ್‌ನಲ್ಲಿ ಎಲ್ಲರನ್ನೂ ಗುಂಡಿಟ್ಟು ಕೊಂದರು. ಈಗ ಅಲ್ಲಿ ಒಂದು ಸ್ಮಾರಕವಿದೆ. ನನ್ನ ಗಂಡ ಆರು ವರ್ಷ ಅದರ ಮುಂದೆ ಸೈಕಲ್ಲಿನಲ್ಲಿ ಹೋಗಿದ್ದರು. ಏನೆಂದು ನೋಡಿರಲಿಲ್ಲ. ಈಗ ಇಳಿದು ನಿಲ್ಲುತ್ತಾರೆ.

ನಮಗೆ ನವೆಂಬರ್ ಎಂದರೆ ರಾಜ್ಯೋತ್ಸವ. ಬಾವುಟ, ಬಿಸಿಬೇಳೆಬಾತ್, ಮಕ್ಕಳ ನೃತ್ಯ. ಹಾಲ್ ಸಿಗುವುದು ಯಾವಾಗಲೂ ಮೊದಲ ಅಥವಾ ಎರಡನೇ ಶನಿವಾರ ಭಾನುವಾರ. ನಮ್ಮ ಸಂಘದ ಹಿರಿಯರಿಗೆ ನನ್ನ ಬೇಡಿಕೆ ಇಷ್ಟು. ನವೆಂಬರ್ 9ರಂದು ಕಾರ್ಯಕ್ರಮ ಇಡಬೇಡಿ. ಆ ವಾರದ ಕಾರ್ಯಕ್ರಮದಲ್ಲಿ ನಾಡಗೀತೆಯ ಮೊದಲು ಐದು ನಿಮಿಷ ಕೊಡಿ. ಝೆಂಜಿ ಹುಮ್ಮೆಲ್ ಕಥೆಯನ್ನು ಮಕ್ಕಳಿಗೆ ಕನ್ನಡದಲ್ಲಿ ನಾನು ಹೇಳುತ್ತೇನೆ. ಕನ್ನಡ ಶಾಲೆಯ ದೊಡ್ಡ ಮಕ್ಕಳನ್ನು ಒಂದು ಭಾನುವಾರ ಯಾಕೋಬ್ಸ್‌ಪ್ಲಾಟ್ಜ್‌ನ ಯಹೂದಿ ಮ್ಯೂಸಿಯಮ್ಮಿಗೆ ಕರೆದೊಯ್ಯೋಣ. ಗೈಡ್ ಗೊತ್ತು ಮಾಡುವ ಕೆಲಸ ನನಗೆ ಬಿಡಿ. ಪೌರತ್ವ ಪರೀಕ್ಷೆಗೆ ಕೂರುವವರು ಆ ಪ್ರಶ್ನೆಗಳನ್ನು ಖಂಡಿತ ಉರು ಹೊಡೆಯಿರಿ, ಪಾಸಾಗಿ. ಉತ್ತರ ಕೊಡುವಾಗ ಅಲ್ಬರ್ಟೀನ ಅಜ್ಜಿಯ ಹೆಸರೂ ನಿಮ್ಮ ನೆನಪಿನಲ್ಲಿರಲಿ.

ನವೆಂಬರ್ 9ರ ಸಂಜೆ ಐದಕ್ಕೆ ನಾನು, ನನ್ನ ಗಂಡ, ಮಗಳು ಸ್ಟಾಖುಸ್ ಕಾರಂಜಿಯ ಹತ್ತಿರ ನಿಂತಿರುತ್ತೇವೆ. ಅಲ್ಲಿಂದ ಹೆರ್ಜೋಗ್ ಮಾಕ್ಸ್ ರಸ್ತೆಯ ಸ್ಮಾರಕ ಕಲ್ಲಿಗೆ ಐದು ನಿಮಿಷದ ನಡಿಗೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ಯಾಕೋಬ್ಸ್‌ಪ್ಲಾಟ್ಜ್‌ವರೆಗೆ ನಡೆಯೋಣ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಮಕ್ಕಳನ್ನೂ ಕರೆತನ್ನಿ. ಚಳಿ ಇರುತ್ತದೆ, ಟೋಪಿ ಮರೆಯಬೇಡಿ. ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ.

ನಿಮ್ಮವಳೇ,
ಜೆಂಡ್ಲಿಂಗ್‌ನಲ್ಲಿರುವ ಒಬ್ಬ ಕನ್ನಡತಿ